ಮಾತಾಡುವ ಗಣಕ ಮೂಕವಾದಾಗ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ ಇವುಗಳ ಬಗ್ಗೆ ಓದುವ ಅಂಕಣದಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಮಾತೇಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ರೋಗವಿಲ್ಲದಿರುವುದನ್ನಷ್ಟೇ ಆರೋಗ್ಯವೆಂದು ಒಪ್ಪಿಲ್ಲ. ದೇಹ, ಮನಸ್ಸು ಮತ್ತು ನಾಲ್ಕು ಜನರ ನಡುವಿನ ಬದುಕು ಮೂರೂ ಚೆನ್ನಾಗಿರಬೇಕು ಎಂಬುದು ಅದರ ತಾತ್ಪರ್ಯ. ಕಣ್ಣು ಕಾಣದ ವ್ಯಕ್ತಿಯೊಬ್ಬರು ತಾವೇ ಓದಿ, ತಾವೇ ಬರೆದು, ತಮ್ಮ ಹಣದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುವುದು ಈ ಲೆಕ್ಕದಲ್ಲಿ ಆರೋಗ್ಯದ ವಿಷಯವೇ ಆಗುತ್ತದೆ. ಆ ಸ್ವಾವಲಂಬನೆಯ ಗಂಟು ಇಂದು ಹೆಚ್ಚಾಗಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇರುತ್ತದೆ. ಅದು ಕೆಡುವ ಹೊತ್ತಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮನೆಮಂದಿಗೆಲ್ಲ ತಿಳಿದಿರಬೇಕು.

ಮಧುಮೇಹದಿಂದಲೋ ಗ್ಲಾಕೋಮಾದಿಂದಲೋ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರನ್ನು ನೆನೆಯಿರಿ. ನಿನ್ನೆಯವರೆಗೆ ಪತ್ರಿಕೆ ಓದುತ್ತಿದ್ದವರು ಇಂದು ಮಗನನ್ನೋ ಸೊಸೆಯನ್ನೋ ಕರೆದು ಓದಿಸಿಕೊಳ್ಳಬೇಕು. ಈ ಪರಾಧೀನತೆಯಿಂದ ಅವರನ್ನು ಎಬ್ಬಿಸುವ ಸಾಧನಗಳಲ್ಲಿ ಮಾತಾಡುವ ಕಂಪ್ಯೂಟರ್ ಮುಖ್ಯವಾದದ್ದು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇದರ ಜೀವಾಳ. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಗೆಳೆಯರು 2006ರಲ್ಲಿ ಕೈಗೊಂಡ ಎನ್‌ವಿಡಿಎ ಅಂಥದೊಂದು ತಂತ್ರಾಂಶ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಧ್ವನಿ ಮೊದಮೊದಲು ಒರಟೆನಿಸಿದರೂ ಕೆಲವು ವಾರಗಳಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ.

ಹೀಗೆ ಬಳಸುವವರ ಡಿಸ್ಕಿನಲ್ಲಿ ಏನೇನಿರುತ್ತದೆ? ಕಣ್ಣಿದ್ದವರು ಕಪಾಟಿನಲ್ಲಿ, ಡೈರಿಯಲ್ಲಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದೆಲ್ಲ ಅಲ್ಲಿರುತ್ತದೆ. ಬ್ಯಾಂಕಿನ ವಿವರ, ವೈದ್ಯರ ಚೀಟಿಯ ಪ್ರತಿ, ರಕ್ತಪರೀಕ್ಷೆಯ ವರದಿ, ಪಾಠದ ಟಿಪ್ಪಣಿ, ಸಂಗೀತದ ಧ್ವನಿಮುದ್ರಣ, ತೀರಿಕೊಂಡ ತಾಯಿಯ ದನಿ. ಇದರ ಮೇಲೆ ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಪಠ್ಯವಾಗಿಸಿಕೊಂಡ ಪುಸ್ತಕಗಳು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ ಅಂಧರಿಗಾಗಿ ಹೀಗೆ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅಂಧರ ಓದಿಗೆಂದೇ ರೂಪುಗೊಂಡ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಿಂದ ತಂದ ಪುಸ್ತಕ ಹೋದರೆ ಮತ್ತೆ ತರಬಹುದು. ಆದರೆ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕದಲ್ಲಿ ಯಂತ್ರ ತಪ್ಪು ಓದಿದ ಅಕ್ಷರಗಳನ್ನು ಸಾಲು ಸಾಲಾಗಿ ಕೇಳುತ್ತ, ಒಂದೊಂದಾಗಿ ತಿದ್ದಿದ ಆರು ತಿಂಗಳ ಶ್ರಮವನ್ನು ಯಾವ ಗ್ರಂಥಾಲಯವೂ ಮರಳಿಸಲಾರದು.

ಈಗ ತೊಡಕಿನ ಮಾತಿಗೆ ಬರೋಣ. ಓದಿ ಹೇಳುವ ಆ ದನಿಯೂ ಅದೇ ಡಿಸ್ಕಿನಲ್ಲಿ ವಾಸವಾಗಿರುತ್ತದೆ. ಡಿಸ್ಕ್ ಕೆಟ್ಟರೆ ಮೊದಲು ನಿಲ್ಲುವುದು ಅದೇ ದನಿ. ಕಣ್ಣಿದ್ದವರಿಗೆ ಪರದೆಯ ಮೇಲೆ ನೀಲಿ ಬಣ್ಣವೋ ಎಚ್ಚರಿಕೆಯ ಸಾಲೋ ಕಾಣಿಸುತ್ತದೆ. ಕಣ್ಣಿಲ್ಲದವರಿಗೆ ಕೇಳಿಸುವುದು ಮೌನ ಮಾತ್ರ. ಯಂತ್ರ ಸತ್ತಿದೆಯೋ, ಏನಾದರೂ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿದೆಯೋ ತಿಳಿಯುವುದೇ ಇಲ್ಲ.

ಬ್ಯಾಡಗಿಯ ಒಂದು ಮನೆಯಲ್ಲಿ ಹೀಗಾಯಿತೆಂದು ಇಟ್ಟುಕೊಳ್ಳಿ. ಅಣ್ಣ ಬರುತ್ತಾನೆ. “ನಿನಗ ಕಾಣಂಗಿಲ್ಲ, ನೀ ಸುಮ್ನ ಕುಂಡ್ರು, ನಾ ನೋಡ್ತೇನಿ” ಎನ್ನುತ್ತಾನೆ. ಪ್ರೀತಿಯ ಮಾತೇ. ಐದಾರು ಸಲ ಆಫ್ ಮಾಡಿ ಆನ್ ಮಾಡುತ್ತಾನೆ. ಆಗದಿದ್ದಾಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಹಾವೇರಿಗೋ ರಾಣೆಬೆನ್ನೂರಿಗೋ ಬಸ್ಸಿನಲ್ಲಿ ಒಯ್ಯುತ್ತಾನೆ. ರಿಪೇರಿಯವರು ವಿಂಡೋಸ್ ಹೊಸದಾಗಿ ಹಾಕಿ ಸಂಜೆಗೆ ಕೊಡುತ್ತಾರೆ. “ಹಳೇದೆಲ್ಲಾ ಹೋಗೈತ್ರಿ, ಮಷಿನ್ ಮಾತ್ರ ಈಗ ಚಲೋ ಐತಿ” ಎನ್ನುತ್ತಾರೆ. ಮನೆಯವರಿಗೆ ಸಮಾಧಾನ. ಯಂತ್ರದ ಒಡೆಯನಿಗೆ ಮಾತ್ರ ಏನು ಹೋಯಿತು, ಏಕೆ ಹೋಯಿತು, ಉಳಿಸಬಹುದಿತ್ತೇ ಎಂದು ಹೇಳುವವರಿಲ್ಲ. ಇಡೀ ದಿನದಲ್ಲಿ ಅವನನ್ನು ಒಂದು ಮಾತು ಕೇಳಿದವರೂ ಇಲ್ಲ.

ಈ ಲೇಖನ ಹೇಳಬೇಕಾಗಿರುವುದು ಇಷ್ಟೇ. ಡಿಸ್ಕ್ ಕೆಟ್ಟಾಗ ಯಂತ್ರವನ್ನು ಅದರ ಅಂಧ ಒಡೆಯನ ಕೈಯಿಂದ ಕಸಿದುಕೊಳ್ಳಬೇಡಿ. ಮಾಹಿತಿ ಉಳಿಸುವ ಕೆಲಸದ ಬಹುಭಾಗವನ್ನು ಕಿವಿ ಮತ್ತು ಬೆರಳಿನಿಂದಲೇ ಮಾಡಬಹುದು. ಉಳಿದದ್ದಕ್ಕೆ ನಿಮ್ಮ ಕಣ್ಣು ಕೊಡಿ, ತೀರ್ಮಾನ ಅವರದಾಗಿರಲಿ.

ಲಕ್ಷಣಗಳು

ತಿರುಗುವ ಹಾರ್ಡ್ ಡಿಸ್ಕಿನ ಕಾಯಿಲೆ ಕಿವಿಗೇ ಮೊದಲು ತಿಳಿಯುತ್ತದೆ. ಈ ವಿಷಯದಲ್ಲಿ ಅಂಧರು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ. ಡಿಸ್ಕಿನ ಒಳಗೆ ಕನ್ನಡಿಯಂಥ ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮೊನೆ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹೆಚ್ಚು ಕಡಿಮೆ ಅಷ್ಟು ಅಂತರ.

ಒಂದೇ ಲಯದಲ್ಲಿ ‘ಟಿಕ್, ಟಿಕ್’ ಎಂಬ ಸದ್ದು ಬಂದರೆ ಮೊನೆಗೆ ತನ್ನ ದಾರಿ ಸಿಗದೆ ಮತ್ತೆ ಮತ್ತೆ ಹಿಂದಿರುಗಿ ಬರುತ್ತಿದೆ ಎಂದು ತಿಳಿಯಬೇಕು. ಕರಕರ ಎಂದು ಉಜ್ಜಿದ ಸದ್ದು ಬಂದರೆ ಮೊನೆ ತಟ್ಟೆಗೆ ತಾಗಿ ಮಾಹಿತಿಯನ್ನೇ ಕೆರೆಯುತ್ತಿರಬಹುದು. ಇದು ಅತ್ಯಂತ ಅಪಾಯದ ಲಕ್ಷಣ. ಕರೆಂಟ್ ಕೊಟ್ಟರೂ ತಿರುಗುವ ಸದ್ದಿಲ್ಲದೆ, ಬೆರಳಿಟ್ಟರೆ ನಡುಕವೂ ಇಲ್ಲದಿದ್ದರೆ ಮೋಟಾರಿನಲ್ಲೋ ವಿದ್ಯುತ್ ಪಟ್ಟಿಯಲ್ಲೋ ದೋಷವಿರಬಹುದು.

ಸದ್ದು ಬದಲಾಗುವ ಮೊದಲೇ ಕಾಣಿಸುವ ಲಕ್ಷಣವೂ ಒಂದುಂಟು. ಒಂದು ನಿರ್ದಿಷ್ಟ ಕಡತವನ್ನು ತೆರೆದಾಗಲೆಲ್ಲ ಓದುವ ದನಿ ತೊದಲುತ್ತದೆ, ಅರ್ಧ ಪದಕ್ಕೆ ನಿಂತು ಹತ್ತು ಕ್ಷಣ ಬಿಟ್ಟು ಮುಂದುವರಿಯುತ್ತದೆ. ಡಿಸ್ಕಿನ ದುರ್ಬಲ ಭಾಗವನ್ನು ಯಂತ್ರ ಮತ್ತೆ ಮತ್ತೆ ಓದಲು ಹೆಣಗುವಾಗ ಉಳಿದ ಕೆಲಸವೆಲ್ಲ ಕಾಯಬೇಕಾಗುತ್ತದೆ. ತೊದಲಿಗೆ ಬೇರೆ ಕಾರಣಗಳೂ ಇರಬಹುದು ನಿಜ. ಆದರೂ ಜ್ವರ ಬಂದಾಗ ಮೈ ಮುಟ್ಟಿ ನೋಡುವಂತೆ ಇದನ್ನು ಎಚ್ಚರಿಕೆಯೆಂದೇ ಭಾವಿಸಿ ಆ ದಿನವೇ ಮುಖ್ಯವಾದದ್ದರ ಪ್ರತಿ ತೆಗೆಯುವುದು ಲೇಸು. ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವವರಿಗೆ ಡಿಸ್ಕಿನ ಸದ್ದು ಕೇಳಿಸದು. ಆದ್ದರಿಂದ ದಿನಕ್ಕೊಮ್ಮೆಯಾದರೂ ಅದನ್ನು ತೆಗೆದಿಟ್ಟು ಯಂತ್ರದ ಉಸಿರಾಟಕ್ಕೆ ಕಿವಿಗೊಡಬೇಕು.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುತ್ತದೆ. ಅದು ವೇಗವಾದದ್ದು, ಬಿದ್ದರೂ ಬೇಗ ಕೆಡುವುದಿಲ್ಲ. ಆದರೆ ಅದಕ್ಕೆ ಸದ್ದೇ ಇಲ್ಲ. ಟಿಕ್ ಎನ್ನದೆಯೇ ಒಂದು ದಿನ ನಿಂತುಬಿಡಬಹುದು. ಕಿವಿಯನ್ನು ನಂಬಿದವರಿಗೆ ಇದು ಹೆಚ್ಚಿನ ಅಪಾಯ ಎಂಬುದು ನೆನಪಿರಲಿ.

ಪ್ರಥಮ ಚಿಕಿತ್ಸೆ

ಹಾವು ಕಚ್ಚಿದವರನ್ನು ಓಡಾಡಲು ಬಿಡಬಾರದು ಎಂಬುದು ಎಲ್ಲರಿಗೂ ಗೊತ್ತು. ಕೆಟ್ಟ ಡಿಸ್ಕಿಗೂ ಅದೇ ನಿಯಮ. ಟಿಕ್ ಟಿಕ್ ಸದ್ದೋ ಉಜ್ಜುವ ಸದ್ದೋ ಕೇಳಿದ ಕೂಡಲೇ ಯಂತ್ರವನ್ನು ಬಂದ್ ಮಾಡಬೇಕು. ‘ಇನ್ನೊಂದು ಸಲ ನೋಡೋಣ’ ಎಂದು ಆನ್ ಮಾಡಿದಷ್ಟೂ ಉಳಿಯಬಹುದಾದದ್ದು ಕಡಿಮೆಯಾಗುತ್ತ ಹೋಗುತ್ತದೆ.

ಮಾಡಬಾರದ ಕೆಲಸಗಳು ನಾಲ್ಕು. ಒಂದು, ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ ರಿಪೇರಿಗೆ ಹೋಗಬಾರದು. ಅದು ಓದುವುದರ ಜೊತೆಗೆ ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದು ಹೊರೆ. ಎರಡು, ಮಾಹಿತಿ ಹೊರತೆಗೆಯುವ ಮೊದಲು ವಿಂಡೋಸ್ ಹೊಸದಾಗಿ ಹಾಕಿಸಬಾರದು. ಮೂರು, ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಸರಿಹೋಗುತ್ತದೆ ಎಂಬ ನಾಟಿ ಔಷಧವನ್ನು ನಂಬಬಾರದು. ಒಳಗೆ ತೇವ ಕಟ್ಟಿದರೆ ಇದ್ದದ್ದೂ ಹೋಗುತ್ತದೆ. ನಾಲ್ಕು, ಡಿಸ್ಕಿನ ಮುಚ್ಚಳವನ್ನು ಯಾರೂ ತೆರೆಯಬಾರದು. ಬ್ಯಾಡಗಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಯ ಹಾದಿಯಲ್ಲಿ ನಡೆದರೇ ಸೀನು ಬರುತ್ತದೆ. ಕೂದಲಿನ ಹತ್ತು ಸಾವಿರದಲ್ಲೊಂದು ಪಾಲಿನ ಅಂತರದಲ್ಲಿ ತೇಲುವ ಮೊನೆಗೆ ಆ ಧೂಳಿನ ಒಂದು ಕಣ ಬೆಟ್ಟಕ್ಕೆ ಸಮಾನ. ಡಿಸ್ಕನ್ನು ಬಿಚ್ಚುವ ಕೆಲಸ ಧೂಳಿಲ್ಲದಂತೆ ಸಜ್ಜು ಮಾಡಿದ ಕೋಣೆಯಲ್ಲಿ, ಅದೇ ವಿದ್ಯೆ ಕಲಿತವರಿಂದ ಮಾತ್ರ ಆಗಬೇಕು.

ಮಾತಾಡುವ ಇನ್ನೊಂದು ಯಂತ್ರ

ಕೆಟ್ಟ ಸದ್ದಿಲ್ಲ, ತೊದಲು ಮಾತ್ರ ಇದೆ ಅಥವಾ ವಿಂಡೋಸ್ ಏಳುತ್ತಿಲ್ಲ ಎಂದಾದರೆ ಮನೆಯಲ್ಲೇ ಪ್ರಯತ್ನಿಸಬಹುದು. ಮೂಕವಾದ ಯಂತ್ರವನ್ನು ಮಾತಾಡಿಸಲು ಹೆಣಗುವುದಕ್ಕಿಂತ ಕೆಟ್ಟ ಡಿಸ್ಕನ್ನು ಹೊರತೆಗೆದು ಮಾತಾಡುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು ಸುಲಭದ ದಾರಿ. ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಕೇಸು ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಲು ಮನೆಯವರು ನೆರವಾಗಲಿ. ಆ ಇನ್ನೊಂದು ಯಂತ್ರ ಗೆಳೆಯರದಾದರೂ ಚಿಂತೆಯಿಲ್ಲ. ಎನ್‌ವಿಡಿಎಯನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಹೋಗಿ ಯಾವ ವಿಂಡೋಸ್ ಯಂತ್ರದಲ್ಲಾದರೂ ಓಡಿಸಬಹುದು. ಅದೂ ಇಲ್ಲದಿದ್ದರೆ ಇಂದಿನ ವಿಂಡೋಸ್‌ನಲ್ಲಿ ಕಂಟ್ರೋಲ್, ವಿಂಡೋಸ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನ್ಯಾರೇಟರ್ ಎಂಬ ದನಿ ಎದ್ದು ನಿಲ್ಲುತ್ತದೆ.

ಕೆಟ್ಟ ಡಿಸ್ಕ್ ಜೋಡಿಸಿದಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ವಿಂಡೋಸ್ ಕೇಳುವುದುಂಟು. ಅವಸರದಲ್ಲಿ ಎಂಟರ್ ಒತ್ತಬಾರದು. ಎಸ್ಕೇಪ್ ಒತ್ತಿ ಹೊರಬರಬೇಕು. ಕಡತಗಳು ಕಾಣಿಸಿದರೆ ಮೊದಲು ತಾವೇ ಬರೆದದ್ದು, ತಾವೇ ಧ್ವನಿಮುದ್ರಿಸಿದ್ದು, ವೈದ್ಯಕೀಯ ದಾಖಲೆ ಇವನ್ನು ಪ್ರತಿ ಮಾಡಬೇಕು. ಸಿನಿಮಾ, ಹಾಡು ಆಮೇಲೆ ನೋಡಿಕೊಳ್ಳಬಹುದು.

ಅಷ್ಟಕ್ಕೂ ಡಿಸ್ಕ್ ಸರಿಯಾಗಿ ಓದಿಸಿಕೊಳ್ಳದಿದ್ದರೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನೆಲ್ಲ ಎತ್ತಿಕೊಂಡು, ಆಮೇಲೆ ಕಷ್ಟದ ಭಾಗಗಳಿಗೆ ಹಿಂದಿರುಗುತ್ತದೆ. ಎಲ್ಲಿಯವರೆಗೆ ಆಯಿತೆಂದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಇದು ಚಿತ್ರಗಳ ಗೊಡವೆಯಿಲ್ಲದೆ ಸಾಲುಗಳಲ್ಲಿ ನಡೆಯುವ ಸಾಧನ, ಹೀಗಾಗಿ ಕಿವಿಯಿಂದ ಕೆಲಸ ಮಾಡುವವರಿಗೆ ಹೊಂದುತ್ತದೆ. ಪ್ರಗತಿಯ ಅಂಕಿಗಳು ಕ್ಷಣಕ್ಷಣಕ್ಕೂ ಬದಲಾಗಿ ಓದುವ ದನಿ ಗೊಂದಲಕ್ಕೆ ಬಿದ್ದರೆ, ಅವನ್ನು ಮೌನವಾಗಿಸುವ ಆಯ್ಕೆಯೂ ಅದರಲ್ಲಿದೆ. ಲಿನಕ್ಸ್ ಗೊತ್ತಿಲ್ಲವೆಂದು ಹೆದರಬೇಕಿಲ್ಲ. ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ಎಬ್ಬಿಸಿ, ಆಲ್ಟ್, ವಿಂಡೋಸ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆರ್ಕಾ ಎಂಬ ಓದುಗ ದನಿ ಶುರುವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಡಿಡಿರೆಸ್ಕ್ಯೂಗೆ ಮೊದಲು ಕೆಟ್ಟ ಡಿಸ್ಕಿನ ಹೆಸರು, ಆಮೇಲೆ ಪ್ರತಿ ಹೋಗಬೇಕಾದ ಜಾಗದ ಹೆಸರು ಕೊಡಬೇಕು. ಅದಲುಬದಲಾದರೆ ಉಳಿಸಬೇಕಾದದ್ದರ ಮೇಲೆಯೇ ಖಾಲಿ ಡಿಸ್ಕನ್ನು ಬರೆದಂತಾಗುತ್ತದೆ. ಕಣ್ಣಿದ್ದವರೂ ಇಲ್ಲಿ ಎಡವುತ್ತಾರೆ. ಎರಡು ಡಿಸ್ಕಿನ ಗಾತ್ರ ಬೇರೆ ಬೇರೆ ಇದ್ದರೆ ಕಿವಿಗೆ ಗುರುತು ಸುಲಭ. ಕೆಟ್ಟದ್ದು 500 ಜಿಬಿ ಆಗಿದ್ದರೆ ಹೊಸದು 1 ಟಿಬಿ ಇರಲಿ. ಹೇಗೂ ಪ್ರತಿ ಹೋಗುವ ಡಿಸ್ಕ್ ದೊಡ್ಡದಿರಲೇಬೇಕು. ಎಂಟರ್ ಒತ್ತುವ ಮೊದಲು ಗಾತ್ರವನ್ನು ಎರಡು ಸಲ ಓದಿಸಿ ಕೇಳಿ.

ಬಯಾಸ್ ಪರದೆಯಂಥ ಕೆಲವು ಪರದೆಗಳು ಸಾಮಾನ್ಯವಾಗಿ ಮಾತಾಡುವುದೇ ಇಲ್ಲ. ಅಲ್ಲಿ ಮನೆಯ ಮಗು ಓದಿ ಹೇಳಿದರೂ ಸಾಕು. ಯಾರೂ ಇಲ್ಲದಾಗ 2015ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಬಿ ಮೈ ಐಸ್ ಎಂಬ ಮೊಬೈಲ್ ಆ್ಯಪ್ ನೆರವಿಗೆ ಬರುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಪರದೆಗೆ ಹಿಡಿದರೆ ಕಣ್ಣಿರುವ ಸ್ವಯಂಸೇವಕರು ದೂರದಿಂದಲೇ ಓದಿ ಹೇಳುತ್ತಾರೆ. ಪಾಸ್‌ವರ್ಡ್, ಬ್ಯಾಂಕಿನ ವಿವರ ಇರುವ ಪರದೆಯನ್ನು ಮಾತ್ರ ಅಪರಿಚಿತರಿಗೆ ತೋರಿಸಬಾರದು.

ಸಿಕ್ಕಿದ್ದನ್ನು ಎಸೆಯಬೇಡಿ

ಪಡಿಯಚ್ಚು ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಡತಗಳ ಪಟ್ಟಿಯೇ ಹಾಳಾಗಿದ್ದರೆ ಫೋಟೋರೆಕ್‌ನಂಥ ಸಾಧನಗಳಿಂದ ಹುಡುಕಿ ತೆಗೆಯಬೇಕು. ಅದು ಹೊರತೆಗೆದ ಕಡತಗಳಿಗೆ ಹಳೆಯ ಹೆಸರಿರುವುದಿಲ್ಲ, ಒಂದು ಅಕ್ಷರ ಮತ್ತು ಉದ್ದನೆಯ ಸಂಖ್ಯೆ ಮಾತ್ರ. ಕಣ್ಣಿದ್ದವರು ಚಿಕ್ಕ ಚಿತ್ರ ನೋಡಿಯೇ ಆರಿಸುತ್ತಾರೆ. ಅಂಧರು ಒಂದೊಂದನ್ನೂ ತೆರೆದು ಮೊದಲ ಎರಡು ಸಾಲು ಕೇಳಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ದಿನಕ್ಕೆ ಒಂದು ಗಂಟೆಯೆಂದು ಹಂಚಿಕೊಂಡು ಮಾಡುವುದು ಮನಸ್ಸಿಗೂ ಕಿವಿಗೂ ಹಿತ.

ಕನ್ನಡದ್ದೇ ಆದ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ, ಅಂದರೆ ಯೂನಿಕೋಡ್‌ಗೆ ಮೊದಲಿನ ಪದ್ಧತಿಯಲ್ಲಿ ಬರೆದ ಕಡತವನ್ನು ಓದುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಉಚ್ಚರಿಸುತ್ತದೆ. ಇದನ್ನು ಕೇಳಿದವರು ಕಡತ ಹಾಳಾಗಿದೆ ಎಂದುಕೊಂಡು ಅಳಿಸಿಬಿಡುವ ಸಾಧ್ಯತೆಯಿದೆ. ಅಳಿಸಬೇಡಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ನೋಡಿ. ಗೊಣಗಾಟದಂತೆ ಕೇಳಿದ ಕಡತವೇ ತಂದೆಯವರು ಟೈಪು ಮಾಡಿಸಿಟ್ಟ ಜಮೀನಿನ ಪತ್ರವಾಗಿರಬಹುದು.

ರಿಪೇರಿ ಅಂಗಡಿಯವರಿಗೆ ಒಂದು ಮಾತು

ಉಜ್ಜುವ ಸದ್ದು ಬಂದ ಡಿಸ್ಕಿಗೆ ಮನೆಮದ್ದಿಲ್ಲ. ಅದನ್ನು ಸ್ಪಂಜಿನಲ್ಲಿ ಸುತ್ತಿ, ಅಲುಗಾಡದಂತೆ ಡಬ್ಬಿಯಲ್ಲಿಟ್ಟು ತಜ್ಞರಲ್ಲಿಗೆ ಒಯ್ಯಬೇಕು. ಹೋಗುವ ಮೊದಲೇ ನೋಡಲು ಎಷ್ಟು, ತೆಗೆದುಕೊಟ್ಟರೆ ಎಷ್ಟು, ಏನೂ ಸಿಗದಿದ್ದರೆ ಎಷ್ಟು ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಒಡೆಯರನ್ನು ಮನೆಯಲ್ಲಿ ಬಿಟ್ಟು ಡಿಸ್ಕನ್ನಷ್ಟೇ ಒಯ್ಯಬಾರದು. ಯಾವುದು ಮುಖ್ಯ ಎಂದು ಹೇಳಬಲ್ಲವರು ಅವರೊಬ್ಬರೇ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರಿಪೇರಿ ಅಂಗಡಿಗಳಲ್ಲಿ ಕುಳಿತ ನಮ್ಮ ಹುಡುಗರು ಜಾಣರು. ಅವರಲ್ಲಿ ವಿನಂತಿ ಎರಡೇ. ಅಂಧ ಗ್ರಾಹಕರು ಬಂದಾಗ ಜೊತೆಗೆ ಬಂದವರೊಡನೆ ಮಾತಾಡದೆ ನೇರವಾಗಿ ಅವರೊಡನೆಯೇ ಮಾತಾಡಿರಿ. ಪರದೆಯ ಮೇಲೆ ಏನು ತೆರೆಯುತ್ತಿದ್ದೀರಿ, ಏನು ಅಳಿಸುತ್ತಿದ್ದೀರಿ ಎಂಬುದನ್ನು ಗಟ್ಟಿಯಾಗಿ ಹೇಳುತ್ತ ಮಾಡಿರಿ. ಆ ಡಿಸ್ಕಿನಲ್ಲಿ ಅವರ ಕಾಗದ, ಕಾಯಿಲೆ, ಹಣ ಎಲ್ಲವೂ ಇದೆ. ನೋಡಲಾಗದವರ ಎದುರು ಸುಮ್ಮನೆ ತೆರೆಯುವುದು ಬಾಗಿಲು ತಟ್ಟದೆ ಮನೆಯೊಳಗೆ ಹೊಕ್ಕಂತೆ.

ಮನೆಯವರ ಪಾತ್ರ

‘ಕಣ್ಣಿದ್ದವರು ಹತ್ತು ನಿಮಿಷದಲ್ಲಿ ಮಾಡುವುದನ್ನು ಅವರಿಂದ ಎರಡು ದಿನ ಮಾಡಿಸಬೇಕೇ?’ ಎಂದು ಕೆಲವರು ಕೇಳುತ್ತಾರೆ. ಡಿಸ್ಕ್ ಸಾಯುತ್ತಿರುವಾಗ ಹೊತ್ತು ಕಳೆಯಬಾರದೆಂಬುದು ಸರಿ. ಆದರೆ ಮೇಲಿನ ಕ್ರಮದಲ್ಲಿ ಅವಸರದ ಕೆಲಸ ಒಂದೇ, ಬಂದ್ ಮಾಡುವುದು. ಅದಕ್ಕೆ ಕಣ್ಣು ಬೇಕಿಲ್ಲ. ಬಂದ್ ಮಾಡಿಟ್ಟ ಡಿಸ್ಕ್ ಎರಡು ದಿನ ಕಾದರೆ ಹಾಳಾಗುವುದಿಲ್ಲ. ಅವಸರದಿಂದ ಹಾಳಾದದ್ದೇ ಹೆಚ್ಚು.

ಇನ್ನು ಮನಸ್ಸಿನ ಮಾತು. ದೃಷ್ಟಿ ಹೋದ ಮೇಲೆ ಕಷ್ಟಪಟ್ಟು ಕಟ್ಟಿಕೊಂಡ ಬದುಕು ಒಂದು ಸಂಜೆ ಮೂಕವಾದರೆ ಅದು ಎರಡನೆಯ ಸಲ ಕಣ್ಣು ಹೋದಂತೆ. ಊಟ ಸೇರದಿರುವುದು, ನಿದ್ರೆ ಬಾರದಿರುವುದು, ‘ನನಗೇಕೆ ಕಂಪ್ಯೂಟರ್’ ಎಂದು ಕೈಚೆಲ್ಲುವುದು ಕಂಡರೆ ‘ಒಂದು ಮಷಿನ್ನಿಗಾಗಿ ಇಷ್ಟೇಕೆ’ ಎಂದು ಹಗುರ ಮಾಡಬಾರದು. ಏನು ಹೋಯಿತೆಂದು ಕೂತು ಕೇಳಬೇಕು, ಒಟ್ಟಿಗೆ ಪಟ್ಟಿ ಮಾಡಬೇಕು. ಹೋದದ್ದರಲ್ಲಿ ಎಷ್ಟೋ ಮೊಬೈಲಿನಲ್ಲಿ, ಇ-ಮೇಲಿನಲ್ಲಿ, ಗೆಳೆಯರ ಬಳಿ ಸಿಗುತ್ತದೆ. ದುಗುಡ ಎರಡು ವಾರ ಕಳೆದರೂ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುನ್ನೆಚ್ಚರಿಕೆಯೇ ಮದ್ದು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಫಲ? ಮುಖ್ಯವಾದದ್ದಕ್ಕೆ ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯಿಂದ ಹೊರಗಿರಲಿ. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆ ಕಂಡ ನೆರೆಯನ್ನೂ, 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಬ್ಯಾಡಗಿಯ ಮಾರುಕಟ್ಟೆ ಕಚೇರಿಗೆ ಬಿದ್ದ ಬೆಂಕಿಯನ್ನೂ ನೆನೆದರೆ ಹೊರಗೊಂದು ಪ್ರತಿ ಏಕೆ ಬೇಕೆಂಬುದು ತಿಳಿಯುತ್ತದೆ. ಒಂದೇ ಕಡೆ ಇಟ್ಟದ್ದು ಒಂದೇ ದಿನದಲ್ಲಿ ಹೋಗಬಹುದು.

ಪ್ರತಿಯ ಡಿಸ್ಕುಗಳಿಗೆ ಬೆರಳಿಗೆ ತಿಳಿಯುವ ಗುರುತು ಮಾಡಿ. ಒಂದಕ್ಕೆ ದಾರ, ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಸಾಕು. ತಿಂಗಳಿಗೊಮ್ಮೆ, ಅಮಾವಾಸ್ಯೆಯೆಂದೋ ಸಂಬಳದ ದಿನವೆಂದೋ ಗೊತ್ತು ಮಾಡಿಕೊಂಡು ಪ್ರತಿ ತೆಗೆಯಿರಿ, ಅದರಲ್ಲೊಂದು ಕಡತವನ್ನು ತೆರೆದು ಕೇಳಿ ಖಚಿತಪಡಿಸಿಕೊಳ್ಳಿ. ತೆರೆಯದ ಪ್ರತಿಯನ್ನು ನಂಬಬಾರದು. ಬೇಸಿಗೆಯ ಗುಡುಗು ಮಳೆಯಲ್ಲಿ ಕರೆಂಟ್ ಏರಿಳಿಯುವಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನು ಬಂದ್ ಮಾಡಿಡಿ.

ಹೊಸ ಲ್ಯಾಪ್‌ಟಾಪ್ ಕೊಂಡವರು ಇನ್ನೊಂದನ್ನೂ ಗಮನಿಸಬೇಕು. ಹಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದರ 48 ಅಂಕಿಗಳ ಕೀಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಪಡಿಯಚ್ಚು ತೆಗೆದರೂ ಒಳಗಿನದು ಸಿಗದು. ಇಂದೇ ಆ ಕೀಲಿಯನ್ನು ಹುಡುಕಿ ಬ್ರೈಲ್‌ನಲ್ಲಿ ಬರೆದಿಡಿ, ಇನ್ನೊಂದು ಪ್ರತಿಯನ್ನು ನಂಬಿಕಸ್ಥರ ಬಳಿ ಇಡಿ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ರೂಪ ಪಡೆದ ಭಾರತಿ ಬ್ರೈಲ್ ಹಳೆಯದಾಯಿತೆಂದು ಬಿಟ್ಟವರು ಇದೊಂದಕ್ಕಾದರೂ ಅದನ್ನು ಉಳಿಸಿಕೊಳ್ಳಬೇಕು. ಚುಕ್ಕೆ ಕುಟ್ಟಿದ ಕಾಗದಕ್ಕೆ ಕರೆಂಟ್ ಬೇಕಿಲ್ಲ.

ಈ ಬುದ್ಧಿ ನಮಗೆ ಹೊರಗಿನಿಂದ ಬರಬೇಕಾದದ್ದೂ ಅಲ್ಲ. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ನಮ್ಮ ಹಾನಗಲ್ಲ ಸೀಮೆಯಲ್ಲಿ ಹುಟ್ಟಿದವರು, ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಕಲಿಸಿದ ಸಂಗೀತವನ್ನು ಎಷ್ಟೋ ಅಂಧ ಮಕ್ಕಳು ಕಂಠದಲ್ಲಿ ಇಟ್ಟುಕೊಂಡು ಊರೂರಿಗೆ ಒಯ್ದರು. ಒಬ್ಬ ಶಿಷ್ಯ ಮರೆತದ್ದು ಇನ್ನೊಬ್ಬನಲ್ಲಿ ಉಳಿಯಿತು. ಪಂಚಾಕ್ಷರ ಗವಾಯಿಗಳು 1944ರಲ್ಲಿ, ಪುಟ್ಟರಾಜರು 2010ರಲ್ಲಿ ತೀರಿಕೊಂಡರೂ ಅವರ ವಿದ್ಯೆ ತೀರಲಿಲ್ಲ. ಒಂದೇ ಕಡೆ ಇಡದಿದ್ದದ್ದೇ ಅದಕ್ಕೆ ಕಾರಣ.

ಸರ್ಕಾರದ ಕರ್ತವ್ಯ

ಎಲ್ಲವನ್ನೂ ಮನೆಯವರ ಮೇಲೆಯೇ ಹಾಕುವುದೂ ಸರಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ದಿನಬಳಕೆಯ ವಿದ್ಯುನ್ಮಾನ ಸಾಧನಗಳು ಎಲ್ಲರೂ ಬಳಸುವಂಥ ವಿನ್ಯಾಸದಲ್ಲಿ ದೊರೆಯುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿದೆ. ಹೀಗಿರುವಾಗ ಕೆಟ್ಟ ಯಂತ್ರದ ಮುಂದೆ ಅಂಧರು ಮೂಕರಾಗಿ ಕೂರಬೇಕಾಗುವುದು ಹಣೆಬರಹವೆಂದು ಒಪ್ಪುವಂಥದಲ್ಲ.

ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ತಂದಿದೆ. ಒಳ್ಳೆಯ ಕೆಲಸ. ಅದರ ಜೊತೆಗೆ ಪ್ರತಿ ಇಡಲು ಒಂದು ಡಿಸ್ಕ್, ಅದನ್ನು ಬಳಸುವುದು ಹೇಗೆಂದು ಅರ್ಧ ದಿನದ ತರಬೇತಿ ಕೂಡಿಸಲಿ. ಔಷಧಿಯ ಜೊತೆಗೆ ಅದನ್ನು ತೆಗೆದುಕೊಳ್ಳುವ ಕ್ರಮವನ್ನೂ ಹೇಳಿಕೊಡುವುದು ವೈದ್ಯರ ಧರ್ಮವಲ್ಲವೇ? ಹಾವೇರಿಯ ಜಿಲ್ಲಾ ಗ್ರಂಥಾಲಯದಲ್ಲಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಕಾಲೇಜುಗಳಲ್ಲಿ ಓದುವ ದನಿಯಿರುವ ಒಂದೊಂದು ಕಂಪ್ಯೂಟರ್, ಡಿಸ್ಕ್ ಜೋಡಿಸುವ ಒಂದು ಕೇಸು ಮೇಜಿನ ಮೇಲಿದ್ದರೆ ಸಾಕು. ಅದಕ್ಕೆ ಬೇಕಾದ ಹಣ ದೊಡ್ಡದಲ್ಲ. ಬೇಕಾದ ತಂತ್ರಾಂಶವೆಲ್ಲ ಉಚಿತ.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಕಣ್ಣು ಕಾಣದವರೊಬ್ಬರು ಕಂಪ್ಯೂಟರ್ ಬಳಸುತ್ತಿದ್ದರೆ ಈ ಭಾನುವಾರ ಅವರನ್ನು ಒಂದು ಮಾತು ಕೇಳಿ: “ನಿಮ್ಮ ಡಿಸ್ಕಿಗೆ ಇನ್ನೊಂದು ಪ್ರತಿ ಅದ ಏನ್ರಿ?” ಇಲ್ಲವೆಂದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಕೀಲಿಮಣೆಯ ಮೇಲೆ ಅವರ ಕೈಯೇ ಇರಲಿ.